ಒಪ್ಪಿಗೆ ಕೇಳಿದ ಗೂಢಚಾರ

"ಎಷ್ಟು ವರ್ಷದಿಂದ ಕುಡೀತಿದ್ದೀಯಮ್ಮ?"

ಕೇಳಿದವನು ಮಾನಪ್ಪ. ಬಿಳಿ ಕೋಟು ಹಾಕಿಕೊಂಡು ಮೇಜಿನ ಆಚೆ ಕೂತಿದ್ದ. ಡಾಕ್ಟರಲ್ಲ! ಮೊದಲು ಸೈಟ್ ಬ್ರೋಕರ್ ಆಗಿದ್ದವನು. ಈಗ ಜೀವನ್ ಬಿಮಾ ನಗರದ ಒಂದು ಅಡ್ಡರಸ್ತೆಯಲ್ಲಿ ಮೂರಂತಸ್ತಿನ ಮನೆ ಹಿಡಿದು, 'ಮರುಚಿಗುರು ವ್ಯಸನಮುಕ್ತಿ ಕೇಂದ್ರ' ಎಂದು ಬೋರ್ಡು ಹಾಕಿ ಕುಡುಕರನ್ನು ಉದ್ಧಾರ ಮಾಡುತ್ತಿದ್ದ.

ನನ್ನ ಬಲಗೈಯನ್ನು ಬೆನ್ನ ಹಿಂದೆ ತಿರುಚಿ ಹಿಡಿದಿದ್ದವನು ಅಪ್ಪಣ್ಣ, ಅಲ್ಲಿನ ವಾರ್ಡನ್. ಬೀರುವಿನಂಥ ಆಳು. ಇನ್ನೊಂದು ಚೂರು ತಿರುಚಿದ್ದರೆ ಭುಜದ ಕೀಲು ಕಳಚುತ್ತಿತ್ತು.

"ನಾನು ಕುಡಿಯೋದು ಸುಲೈಮಾನಿ ಚಾ ಮಾತ್ರ" ಎಂದೆ.

ಮಾನಪ್ಪ ಕನಿಕರದಿಂದ ನಕ್ಕ. "ಮೊದಲ್ನೇ ದಿನ ಎಲ್ರೂ ಹೀಗೇ ಹೇಳೋದು."

ನೋಡಿ, ಇದೇ ಆ ಮನೆಯ ಕಾನೂನು! ಕುಡಿಯುವುದಿಲ್ಲ ಎಂದರೆ ಕಾಯಿಲೆ ತಲೆಗೇರಿದೆ ಎಂದರ್ಥ. ಕುಡಿಯುತ್ತೇನೆ ಎಂದರೆ ನೀನೇ ಒಪ್ಪಿಕೊಂಡೆಯಲ್ಲ, ಇರು ಇಲ್ಲೇ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು...

ಕೆಳಗೆ ವ್ಯಾನ್ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಅದರೊಳಗೆ ಚನ್ನು ಇದ್ದ. ವ್ಯಾನ್ ಹೊಸಕೋಟೆ ದಾಟಿತೆಂದರೆ ಅವನನ್ನು ದೇವರೂ ಹುಡುಕಲಾರ.

ಚನ್ನು ಯಾರು ಅಂತೀರಾ? ಹೇಳುತ್ತೇನೆ. ಕೈ ನೋಯುತ್ತಿದೆ, ಬೇಗ ಬೇಗ ಹೇಳುತ್ತೇನೆ.

ಅವತ್ತು ಬೆಳಿಗ್ಗೆ ನಾನು ರಸೆಲ್ ಮಾರುಕಟ್ಟೆಯಲ್ಲಿ ಕೈಮಾ ಮಾಡಿಸುತ್ತ ನಿಂತಿದ್ದೆ. ನನ್ನ ಹೆಸರು ಸಾಬಿರಾ, ಶಿವಾಜಿನಗರದಲ್ಲೇ ಹುಟ್ಟಿದವಳು. ಮದುವೆಗೆ ಮುಂಚೆ ಗಂಡಿನ ಬಂಡವಾಳ ಬಯಲು ಮಾಡುವುದು ನನ್ನ ಕಸುಬು. ಅವನು ಎಲ್ಲಿ ಕುಡಿಯುತ್ತಾನೆ, ಯಾರ ಜೊತೆ ತಿರುಗುತ್ತಾನೆ, ಮೊದಲ ಹೆಂಡತಿಯನ್ನು ಎಲ್ಲಿ ಬಚ್ಚಿಟ್ಟಿದ್ದಾನೆ... ಎಲ್ಲ ನಾನು ಪತ್ತೆ ಮಾಡುತ್ತೇನೆ. ಫ್ರೇಜರ್ ಟೌನಿನಿಂದ ಹಲಸೂರಿನವರೆಗೆ ನನಗೆ ಶಾಪ ಹಾಕದ ಗಂಡಿನ ಮನೆಯಿಲ್ಲ.

ಬ್ಯಾಗನ್ನು ಎದೆಗವಚಿಕೊಂಡ ಹುಡುಗಿಯೊಬ್ಬಳು ಮಾಂಸದಂಗಡಿಯ ನೀರು ತುಳಿಯದ ಹಾಗೆ ತುದಿಗಾಲಲ್ಲಿ ಬಂದಳು.

"ಅಕ್ಕಾರ, ಸಾಬಿರಾ ಅಂದ್ರ ನೀವ ಏನ್ರಿ?"

"ಯಾರ ಮದುವೆ?"

"ಮದುವಿ ಅಲ್ರಿ. ಒಬ್ಬಾಂವನ್ನ ಹೊರಗ ತರಬೇಕಾಗೇತ್ರಿ."

ಅವಳು ಅಂಜಲಿ, ಗದಗದ ಕಡೆಯವಳು. ಅವಳೂ ಅವಳ ಜೊತೆಗಾರ ಚನ್ನುವೂ ಪಿಎಚ್‌ಡಿ ಮಾಡುತ್ತಿದ್ದರು. ಮಾನಸಿಕ ಆರೋಗ್ಯ, ವ್ಯಸನ, ಸರ್ಕಾರದ ನೀತಿ, ಇನ್ನೂ ಏನೇನೋ. ಈ ಸಂಶೋಧಕರ ಕುಲವೇ ನನಗೆ ಗೊತ್ತು. ಒಂದು ಪ್ರಶ್ನೆ ಕೇಳಿ ಮೂರು ಸಲ ಥ್ಯಾಂಕ್ಸ್ ಹೇಳುತ್ತಾರೆ.

ಡಾಕ್ಟರು ನೋಡದೆಯೇ ಇಂಥ ಮನೆಗಳಲ್ಲಿ ಜನರನ್ನು ಕೂಡಿಹಾಕುತ್ತಾರಾ ಎಂಬುದು ಅವರಿಗೆ ಗೊತ್ತಾಗಬೇಕಿತ್ತು. ನೇರವಾಗಿ ಕೇಳಿದರೆ ಯಾರು ಹೇಳುತ್ತಾರೆ? ಅದಕ್ಕೆ ಚನ್ನು ಕುಡುಕನ ವೇಷ ಹಾಕಿದ. ಅಂಜಲಿ ಅಕ್ಕನ ವೇಷ ಹಾಕಿ, ತಮ್ಮನ ಕುಡಿತ ಬಿಡಿಸಿ ಎಂದು ಬರೆದುಕೊಟ್ಟು ಬಂದಳು. ಮೂರು ದಿನದ ನಂತರ ಬಿಡಿಸಿಕೊಂಡು ಬರುವುದು ಅವರ ಪ್ಲಾನ್.

"ಅವನು ನಿಜವಾಗ್ಲೂ ಕುಡೀತಾನಾ?"

"ಮಜ್ಜಿಗಿ ಹುಳಿ ಆದ್ರ ಮುಟ್ಟಂಗಿಲ್ರಿ."

"ಮತ್ತೆ ಸಿಕ್ಕಿಬಿದ್ದಿದ್ದು ಹೇಗೆ?"

ಅಂಜಲಿ ತಲೆ ತಗ್ಗಿಸಿದಳು. "ಒಪ್ಪಿಗಿ ಕೇಳ್ಯಾನ್ರಿ."

"ಏನು?"

"ಯಾರನ್ನರ ಮಾತಾಡ್ಸೂಕಿಂತ ಮೊದ್ಲ, ಹಿಂಗ ರಿಸರ್ಚ್ ಮಾಡಾಕತ್ತೀನಿ, ನಿಮಗ ಒಪ್ಪಿಗಿ ಐತೇನು, ಬ್ಯಾಡ ಅಂದ್ರ ಬಿಡ್ರಿ, ಅಂತ ಕೇಳಬೇಕ್ರಿ. ನಮ್ಮ ರೂಲ್ಸ್ ಅದು. ಚನ್ನು ಅಲ್ಲಿ ವಾರ್ಡನ್‌ಗೂ ಕೇಳಿಬಿಟ್ಟಾನ್ರಿ."

ನಾನು ಕೈಮಾದವನ ಮುಖ ನೋಡಿದೆ. ಅವನೂ ಕತ್ತಿ ನಿಲ್ಲಿಸಿ ಕೇಳುತ್ತಿದ್ದ. ಗೂಢಚಾರಿಕೆಗೆ ಹೋಗಿ, ಕಾವಲುಗಾರನನ್ನೇ ಕೂರಿಸಿಕೊಂಡು, 'ನಾನು ಗೂಢಚಾರ, ನಿಮ್ಮ ಅಭ್ಯಂತರ ಇಲ್ಲ ತಾನೆ' ಎಂದು ಕೇಳಿದವನನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ! ನಗು ಬಂತು. ಆದರೆ ಹುಡುಗಿಯ ಕಣ್ಣು ತುಂಬಿದ್ದವು, ನುಂಗಿಕೊಂಡೆ.

ಅಂಜಲಿ ಬಿಡಿಸಲು ಹೋದಾಗ ಮಾನಪ್ಪ ಬಿಟ್ಟಿರಲಿಲ್ಲ. "ನಿಮ್ಮ ತಮ್ಮ ತಾನು ಪಿಎಚ್‌ಡಿ ಅಂತ ಹೇಳ್ಕೊಂಡು ತಿರುಗ್ತಾನೆ. ಕೇಸು ಕೈಮೀರಿದೆ" ಎಂದಿದ್ದನಂತೆ. ತಂಟೆ ಮಾಡುವ ಐದಾರು ಜನರ ಜೊತೆ ಅವನನ್ನೂ ಹೊಸಕೋಟೆ ಆಚೆಯ ತೋಟಕ್ಕೆ ಇವತ್ತೇ ಸಾಗಿಸುವುದಾಗಿಯೂ ಹೇಳಿದ್ದ. ಯಾವ ತೋಟ, ಎಲ್ಲಿ... ಬಾಯಿ ಬಿಟ್ಟಿರಲಿಲ್ಲ.

"ಪೊಲೀಸಿಗೆ ಹೋಗು."

"ಸುಳ್ಳು ಬರದು ಸೈನ್ ಮಾಡಿದಾಕಿ ನಾನ ಅಲ್ರಿ? ಕಾಲೇಜಿನ ಕಮಿಟಿಗೆ ಗೊತ್ತಾದ್ರ ನನ್ನ ಪಿಎಚ್‌ಡಿ ಅಲ್ಲಿಗೇ ಮುಗೀತು. ಅವ್ವ ರೊಟ್ಟಿ ಬಡದು ಬಡದು ಓದ್ಸ್ಯಾಳ್ರಿ ನನ್ನ."

ಹೀಗೆ ನಾನು ಕುಡುಕ ಗಂಡನನ್ನು ಸೇರಿಸಲು ಬಂದ ಹೆಂಡತಿಯಾಗಿ ಮಾನಪ್ಪನ ಮನೆ ಹೊಕ್ಕೆ. ನನಗೆ ಗಂಡನೇ ಇಲ್ಲ, ಅದು ಬೇರೆ ವಿಷಯ. ಅಂಜಲಿ ರಸ್ತೆಯ ಮೂಲೆಯಲ್ಲಿ ನನ್ನ ಸ್ಕೂಟರ್ ಹಿಡಿದು ನಿಂತಳು. ಜಾಗ ನೋಡಬೇಕು ಎಂದೆ. ಅಪ್ಪಣ್ಣ ಮೂರನೇ ಮಹಡಿಗೆ ಕರೆದುಕೊಂಡು ಹೋದ. ಕಿಟಕಿಗಳಿಗೆಲ್ಲ ಜಾಲರಿ. ಮೂಗು ಕಿತ್ತುಹೋಗುವಂಥ ಫಿನಾಯಿಲ್ ವಾಸನೆ. ಗೋಡೆಗುಂಟ ಗಂಡಸರು ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಫೋನ್ ಬಂತೆಂದು ಅಪ್ಪಣ್ಣ ಬಾಗಿಲಾಚೆ ಸರಿದ.

ಮೂಲೆಯಲ್ಲಿ ಕನ್ನಡಕದ ಹುಡುಗನೊಬ್ಬ ಮುದುಕನೊಬ್ಬನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುದುಕನ ಗುರುತು ಹತ್ತಿತು. ರಸೆಲ್ ಮಾರುಕಟ್ಟೆಯ ಹಣ್ಣಿನಂಗಡಿ ಇನಾಯತ್ ಉಲ್ಲಾ! ಅಪ್ಪ ಅಜ್ಮೀರಿಗೆ ಹೋಗಿದ್ದಾರೆ ಎಂದು ಮಕ್ಕಳು ಊರಿಗೆಲ್ಲ ಹೇಳಿದ್ದರು. ಇನಾಯತ್ ಭಾಯಿಯ ಕೆಳತುಟಿ ಊದಿಕೊಂಡಿತ್ತು.

"ಚನ್ನು, ಏಳು. ಅಂಜಲಿ ಕಳಿಸಿದ್ದಾಳೆ" ಎಂದು ಪಿಸುಗುಟ್ಟಿದೆ.

"ಒಂದ್ ನಿಮಿಷ ಅಕ್ಕಾರ. ಇವ್ರು ಒಪ್ಪಿಗಿ ಇಲ್ಲ ಅಂದ್ರು. ಥ್ಯಾಂಕ್ಸ್ ಹೇಳಿ ಬರ್ತೀನಿ."

ಅವನ ಕಪಾಳಕ್ಕೆ ಬಿಡಬೇಕೆನಿಸಿತು.

ಇನಾಯತ್ ಭಾಯಿ ಒಡೆದ ತುಟಿಯಲ್ಲೇ ನಕ್ಕ. "ದಿನಾ ಕೇಳ್ತಾನೆ ಬೇಟಿ. ದಿನಾ ನಕ್ಕೋ, ಬೇಡ ಅಂತೀನಿ. ಅಷ್ಟಕ್ಕೇ ಬಿಟ್ಬಿಡ್ತಾನೆ. ಈ ಮನೇಲಿ ನಾನು ಬೇಡ ಅಂದಿದ್ದಕ್ಕೆ ಬೆಲೆ ಕೊಟ್ಟೋನು ಇವನೊಬ್ನೇ. ಮೊನ್ನೆ ಮಾನಪ್ಪ ಕಾಲು ಒತ್ತು ಅಂದ. ಅವನಿಗೂ ನಕ್ಕೋ ಅಂದ್ಬಿಟ್ಟೆ. ನಾಲಿಗೆಗೆ ಅಭ್ಯಾಸ ಆಗೋಗಿದೆ."

ತುಟಿ ಊದಿದ್ದು ಹೇಗೆಂದು ಮತ್ತೆ ಕೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ನನ್ನ ಹೆಗಲ ಮೇಲೆ ಅಪ್ಪಣ್ಣನ ಕೈ ಬಿತ್ತು. ಚನ್ನು, ಇನಾಯತ್ ಭಾಯಿಯನ್ನು ಬೇರೆ ಆಳುಗಳು ವ್ಯಾನಿಗೆ ಇಳಿಸಿಕೊಂಡು ಹೋದರು, ನನ್ನನ್ನು ಅಪ್ಪಣ್ಣ ಮಾನಪ್ಪನ ಮೇಜಿನ ಮುಂದೆ ತಂದು ನಿಲ್ಲಿಸಿದ.

ಇಷ್ಟು ಕತೆ. ಈಗ ನನ್ನ ಕೈಗೆ ವಾಪಸ್ ಬನ್ನಿ.

"ಹೆಂಗಸರಿಗೂ ನಮ್ಮ ತೋಟದಲ್ಲಿ ವ್ಯವಸ್ಥೆ ಇದೆ" ಎಂದ ಮಾನಪ್ಪ. "ನಿನ್ನ ಕಡೆಯವರು ಯಾರು? ನಂಬರ್ ಕೊಡು."

"ಕೊಡ್ತೀನಿ. ದುಪಟ್ಟಾ ಜಾರ್ತಿದೆ, ಸರಿ ಮಾಡ್ಕೋತೀನಿ ಇರಿ."

ಎಡಗೈ ಬಿಡುವಾಗಿತ್ತು. ದುಪಟ್ಟಾದ ಪಿನ್ನು ಕಿತ್ತೆ. ನಮ್ಮ ಗಲ್ಲಿಯ ಹೆಣ್ಣುಮಕ್ಕಳಿಗೆ ಅಮ್ಮಂದಿರು ಕಲಿಸುವ ಮೊದಲ ವಿದ್ಯೆ ಅದು, ಬಸ್ಸಿನಲ್ಲಿ ಉಪಯೋಗಕ್ಕೆ ಬರುತ್ತದೆ. ಅಪ್ಪಣ್ಣನ ತೊಡೆಗೆ ಬುಡದವರೆಗೆ ಇಳಿಸಿದೆ!

ಅವನ ಅರಚಾಟ ಮುಗಿಯುವ ಮೊದಲೇ ನಾನು ಮೆಟ್ಟಿಲ ಮೇಲಿದ್ದೆ. ಗೇಟು ತೆರೆದಿತ್ತು. ವ್ಯಾನ್ ತಿರುವಿನಲ್ಲಿ ಮರೆಯಾಗುತ್ತಿತ್ತು.

"ಹತ್ತು!"

ಅಂಜಲಿ ಹತ್ತಿದಳು. ಸ್ಕೂಟರ್ ಚೀರಿತು. ಸುರಂಜನ್ ದಾಸ್ ರಸ್ತೆ... ಹಳೇ ಮದ್ರಾಸ್ ರಸ್ತೆ... ಬೈಯಪ್ಪನಹಳ್ಳಿ... ವ್ಯಾನಿನ ಹಿಂದೆ ನಾನು, ನನ್ನ ಹಿಂದೆ ಹಾರ್ನ್ ಬಾರಿಸುತ್ತ ಮಾನಪ್ಪನ ಜೀಪು. ಎರಡು ಸಲ ನನ್ನನ್ನು ಮೀಡಿಯನ್ನಿಗೆ ಒತ್ತಲು ನೋಡಿದ. ಒಂದು ಸಲ ಅಂಜಲಿಯ ಬ್ಯಾಗಿಗೆ ಜೀಪಿನ ಕನ್ನಡಿ ತಗುಲಿತು. ಅವಳು ಅಳುತ್ತಲೇ ದೇವರ ಹೆಸರು ಹೇಳುತ್ತಿದ್ದಳು. ನಾನು ಬೇರೆ ಥರದ ಶಬ್ದ ಹೇಳುತ್ತಿದ್ದೆ.

ವ್ಯಾನು ದೂರವಾಗುತ್ತ ಹೋಯಿತು. ನನ್ನ ಹಳೆಯ ಗಾಡಿಗೆ ಅಷ್ಟು ದಮ್ಮಿಲ್ಲ. ಕೈಬಿಟ್ಟು ಹೋಯಿತು ಎಂದುಕೊಂಡೆ.

ಆಗ ಬಂತು ಟಿನ್ ಫ್ಯಾಕ್ಟರಿ ಜಂಕ್ಷನ್!

ಬೆಂಗಳೂರಿನ ಟ್ರಾಫಿಕ್ಕಿಗೆ ನಾನು ಬೈಯದ ದಿನವಿಲ್ಲ. ಅವತ್ತು ಕೈ ಮುಗಿದೆ. ಕೆ.ಆರ್.ಪುರದ ತೂಗುಸೇತುವೆ ಎದುರಿಗೇ ಕಾಣುತ್ತಿತ್ತು, ಅಲ್ಲಿಯವರೆಗೆ ಬಸ್ಸು, ಲಾರಿ, ಕ್ಯಾಬು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಡುವೆ ಮಾನಪ್ಪನ ವ್ಯಾನು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಸ್ಕೂಟರ್ ಬಿಟ್ಟು ಓಡಿದೆ. ಕೇಂದ್ರದ ಹೆಸರು ಬರೆದಿದ್ದ ಹಿಂಬಾಗಿಲ ಚಿಲಕ ಹೊರಗಿನಿಂದ ಹಾಕಿತ್ತು. ಎಳೆದು ತೆಗೆದೆ.

ಒಳಗೆ ಚನ್ನು, ಇನಾಯತ್ ಭಾಯಿ, ಇನ್ನೂ ನಾಲ್ಕು ಜನ.

"ತೆಗೀಬೇಡಿ ಮೇಡಂ, ಎಣ್ಣೆ ಗಿರಾಕಿಗಳು" ಎಂದ ಪಕ್ಕದ ಬೈಕಿನವನು.

"ಹುಷಾರು, ಕಚ್ಚಿಬಿಡ್ತಾರೆ" ಎಂದ ಇನ್ನೊಬ್ಬ, ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತ.

ಚನ್ನು ಕೆಳಗೆ ಧುಮುಕಿದ. ಅಷ್ಟರಲ್ಲಿ ಕಾರುಗಳ ಸಂದಿಯಲ್ಲಿ ನುಸುಳಿಕೊಂಡು ಮಾನಪ್ಪ ಬಂದ. ಕುಂಟುತ್ತ ಅಪ್ಪಣ್ಣನೂ ಬಂದ, ನನ್ನಿಂದ ಒಂದು ಮಾರು ದೂರ ನಿಂತ. ಇವರೆಲ್ಲರ ಹಿಂದೆ ಬೆವರು ಒರೆಸಿಕೊಳ್ಳುತ್ತ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್.

"ಏನ್ರೀ ಇದು ಸಂತೆ?"

"ಪೇಷಂಟ್ಸ್ ಸಾರ್" ಎಂದ ಮಾನಪ್ಪ. ದನಿ ಬೆಣ್ಣೆಯಾಗಿತ್ತು. "ಮನೆಯವ್ರೇ ಬರೆದುಕೊಟ್ಟು ಸೇರ್ಸಿದಾರೆ. ಇವನನ್ನ ಅವನ ಅಕ್ಕನೇ ಸೇರ್ಸಿದ್ದು. ಕೇಳಿ ಬೇಕಾದ್ರೆ, ಇಲ್ಲೇ ಇದಾರೆ."

ಇನ್‌ಸ್ಪೆಕ್ಟರ್ ಅಂಜಲಿಯ ಕಡೆ ತಿರುಗಿದ. "ನೀವೇನಮ್ಮ ಅಕ್ಕ? ಹಾಗಾದ್ರೆ ತಮ್ಮನ್ನ ಕರ್ಕೊಂಡು ಹೊರಡಿ. ಮಿಕ್ಕೋರು ಗಾಡಿ ಹತ್ಲಿ. ರೋಡ್ ಕ್ಲಿಯರ್ ಆಗ್ಬೇಕು."

ಮಾನಪ್ಪ ತಲೆಯಾಡಿಸಿ ಪಕ್ಕಕ್ಕೆ ಸರಿದ. ಒಬ್ಬನನ್ನು ಬಿಟ್ಟರೆ ಐವರು ಉಳಿಯುತ್ತಾರೆ ಎಂಬ ಲೆಕ್ಕಾಚಾರ ಅವನದು. ನನಗೂ ಅಷ್ಟೇ ಬೇಕಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂಜಲಿಯ ಮೊಣಕೈ ಚಿವುಟಿದೆ. "ಹೂಂ ಅನ್ನು, ಹೋಗೋಣ."

ಅಂಜಲಿ ಚನ್ನುವನ್ನು ನೋಡಿದಳು. ಚನ್ನು ವ್ಯಾನಿನೊಳಗೆ ನೋಡುತ್ತಿದ್ದ. ಅಲ್ಲಿ ಇನಾಯತ್ ಭಾಯಿ ಸೀಟಿನ ಕಂಬಿ ಹಿಡಿದು, ಮುಖ ಆಚೆ ತಿರುಗಿಸಿ ಕೂತಿದ್ದ. ಇಳಿಯುವ ಆಸೆಯನ್ನೇ ಬಿಟ್ಟವನ ಹಾಗೆ.

"ಅಲ್ರಿ ಸರ್" ಎಂದಳು ಅಂಜಲಿ. "ನಾ ಇವನ ಅಕ್ಕ ಅಲ್ಲ."

"ಏನು?"

"ಸುಳ್ಳು ಬರದು ಸೈನ್ ಮಾಡೀನ್ರಿ. ಇವ ಜನ್ಮದಾಗ ಕುಡದಾಂವ ಅಲ್ಲ. ಇವ್ರು ನನ್ನ ಗುರುತೂ ಕೇಳ್ಲಿಲ್ಲ, ಇವನ್ನ ಡಾಕ್ಟರಿಗೂ ತೋರಸ್ಲಿಲ್ಲ. ಸೈನ್ ಮಾಡ್ದೆ, ಒಳಗ ಹಾಕ್ಕೊಂಡ್ರು. ಒಳಗಿರೋ ಇವ್ರನ್ನೆಲ್ಲಾ ಹಂಗ ಹಾಕ್ಕೊಂಡಾರ್ರಿ."

"ಗೊತ್ತಿದ್ದೂ ಸುಳ್ಳು ಬರ್ದಿದೀರಾ? ನಿಮ್ಮ ಮೇಲೂ ಕೇಸಾಗುತ್ತೆ, ತಿಳ್ಕೊಳ್ಳಿ."

"ಆಗ್ಲಿ ಬಿಡ್ರಿ."

ಬ್ಯಾಗನ್ನು ಮತ್ತೆ ಎದೆಗವಚಿಕೊಂಡಳು. ದನಿ ನಡುಗಲಿಲ್ಲ. ಅದುವರೆಗೆ ಓದಿದವರನ್ನು ಆಡಿಕೊಂಡು ನಕ್ಕಿದ್ದೇ ಬಂತು, ಅವತ್ತು ಆ ಹುಡುಗಿಯ ಮೇಲೆ ನನಗೆ ವಿಪರೀತ ಹೆಮ್ಮೆಯಾಯಿತು.

ಇನ್‌ಸ್ಪೆಕ್ಟರ್ ಮಾನಪ್ಪನ ಬಿಳಿ ಕೋಟಿನ ಗುಂಡಿ ಮುಟ್ಟಿದ. "ಡಾಕ್ಟರ್ ಯಾರು? ನೀವಾ?"

ಮಾನಪ್ಪ ಕೋಟು ಬಿಚ್ಚತೊಡಗಿದ.

ಇನ್‌ಸ್ಪೆಕ್ಟರ್ ವಾಕಿಟಾಕಿಯಲ್ಲಿ ಠಾಣೆಗೆ ಮಾತನಾಡಿದ. ಆಮೇಲೆ ವ್ಯಾನಿನೊಳಗೆ ಇಣುಕಿದ. "ಇವನ ಜೊತೆ ಹೋಗೋಕೆ ಯಾರಿಗಾದ್ರೂ ಇಷ್ಟ ಇದೆಯಾ?"

"ನಕ್ಕೋ" ಎಂದ ಇನಾಯತ್ ಭಾಯಿ, ಎದ್ದು ನಿಂತು.

"ಬೇಡ ಸಾರ್" ಎಂದ ಅವನ ಪಕ್ಕದವನು.

"ವೇಂಡಾ" ಎಂದ ಹಲಸೂರಿನ ಪೇಂಟರ್ ಒಬ್ಬ.

ಒಬ್ಬೊಬ್ಬರಾಗಿ ಇಳಿದರು. ಸಂಜೆಯೊಳಗೆ ಜೀವನ್ ಬಿಮಾ ನಗರದ ಮನೆಯ ಬೀಗವನ್ನೂ ಪೊಲೀಸರು ತೆಗೆಸಿದರು.

ಇಳಿದ ಇನಾಯತ್ ಭಾಯಿ ಏನು ಮಾಡಿದ ಗೊತ್ತಾ? ರಸ್ತೆ ದಾಟಿ ನೆಟ್ಟಗೆ ಎದುರಿನ ಬಾರ್ ಕಡೆಗೆ ನಡೆದ! ನನ್ನ ಹೊಟ್ಟೆ ಉರಿದುಹೋಯಿತು. ಇದಕ್ಕಾ ನಾನು ಕೈ ತಿರುಚಿಸಿಕೊಂಡಿದ್ದು? ಹಿಡಿದೆಳೆಯಲು ಓಡಿದರೆ ಚನ್ನು ಅಡ್ಡ ನಿಂತ.

"ಹಿಡಿಯೂದು ಬ್ಯಾಡ್ರಿ ಅಕ್ಕಾರ."

"ಕುಡಿದು ಸಾಯ್ಲಿ ಅಂತೀಯಾ?"

"ಹಿಡದು ಹಿಡದು ನೋಡ್ಯಾರಲ್ರಿ ಎಲ್ಲಾರೂ."

ಅವನೇ ಹೋದ. ಕೌಂಟರಿನ ಹತ್ತಿರ ಇನಾಯತ್ ಭಾಯಿಯನ್ನು ಏನೋ ಕೇಳಿದ. ಪಕ್ಕದಲ್ಲಿ ನಿಲ್ಲಲಾ ಎಂದು ಕೇಳಿದ್ದಂತೆ, ಆಮೇಲೆ ತಿಳಿಯಿತು. ಮುದುಕ ಅವತ್ತು ಮೊದಲ ಸಲ ಹೂಂ ಅಂದ. ಅಳುತ್ತ ಕುಡಿದ. ಚನ್ನು ಸುಮ್ಮನೆ ಪಕ್ಕದಲ್ಲಿ ನಿಂತಿದ್ದ. ಮಾರನೆಯ ದಿನ ಇನಾಯತ್ ಭಾಯಿ ತಾನೇ ಅವನಿಗೆ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದ. ಅಲ್ಲಿಂದ ಎರಡು ಸಲ ಓಡಿ ಬಂದ. ಮತ್ತೆ ತಾನಾಗಿಯೇ ಹೋಗಿ ಸೇರಿದ್ದಾನೆ. ಅಲ್ಲಿ ಬಾಗಿಲಿಗೆ ಚಿಲಕವಿಲ್ಲ, ಯಾಕೋ ಇನ್ನೂ ಒಳಗೇ ಇದ್ದಾನೆ.

ಉಳಿದವರ ಸಮಾಚಾರ ಚಿಕ್ಕದು. ಮಾನಪ್ಪನಿಗೆ ನಾಲ್ಕೇ ದಿನದಲ್ಲಿ ಜಾಮೀನು ಸಿಕ್ಕಿತು.

ಅಂಜಲಿಗೆ ಕಾಲೇಜಿನ ಕಮಿಟಿಯಿಂದ ಇನ್ನೂ ಸಿಕ್ಕಿಲ್ಲ.