ಒಳಕೋಣೆಯ ಕೆಂಪು ಗಂಟುಗಳು

"ಆ ಬಾಗಿಲಿಗೆ ದಿನಾ ದೀಪ ಇಡ್ತೀನಲ್ಲ, ಅದು ಭಯಕ್ಕೆ ಕಣಮ್ಮ," ಎಂದಳು ಅಕ್ಕಯ್ಯಮ್ಮ. "ಮುತ್ತಾತ ಕಟ್ಟಿಟ್ಟ ಕೆಂಪು ಗಂಟು ಬಿಚ್ಚಿದೋರ ಅಕ್ಷರ ಇಳಿದುಹೋಗ್ತವೆ. ನೀನು ಕಷ್ಟಪಟ್ಟು ಕಲ್ತೋಳು. ಬೇಡ."

ಕೊಂಡಮ್ಮ ನಕ್ಕುಬಿಟ್ಟಳು. "ಹಂಗಾದ್ರೆ ಒಳ್ಳೇದೇ ಅಜ್ಜಿ. ಹಗುರಾಗ್ತೀನಿ."

ಚಿಂತಾಮಣಿಯಲ್ಲಿ ಹೊಸದಾಗಿ ಶುರುವಾಗಿದ್ದ ಕಾಲೇಜಿನ ಲೈಬ್ರರಿಗೆ ಅವಳು ಲೈಬ್ರೇರಿಯನ್ ಆಗಿ ಬಂದು ತಿಂಗಳಾಗಿರಲಿಲ್ಲ. ಅರವತ್ತನಾಲ್ಕನೇ ಇಸವಿಯ ಆಷಾಢ. ಕಾಲೇಜು ನಡೆಯುತ್ತಿದ್ದುದು ಸಾಹುಕಾರ ವೆಂಕಟರವಣಪ್ಪನವರ ಮನೆತನದ ಹಳೆಯ ಬಂಗಲೆಯಲ್ಲಿ. ಬಂಗಲೆಯ ಜೊತೆಗೆ ಅವರು ಮುತ್ತಾತನ ಕಾಲದ ತಾಳೆಗರಿ ಗ್ರಂಥಗಳನ್ನೂ ಕಾಲೇಜಿಗೆ ಕೊಟ್ಟಿದ್ದರು, ಹೆಸರಿಗೆ ಮಾತ್ರ. ಗ್ರಂಥಗಳು ಒಳಕೋಣೆಯಲ್ಲೇ ಇರಬೇಕು, ಮನೆತನದ ಒಪ್ಪಿಗೆಯಿಲ್ಲದೆ ಯಾರೂ ಮುಟ್ಟಬಾರದು ಎಂದು ಕರಾರು. ಆ ಒಪ್ಪಿಗೆ ಯಾರಿಗೂ ಸಿಕ್ಕಿರಲಿಲ್ಲ. ಮನೆತನದ ವಿಧವೆ ಸೊಸೆ ಅಕ್ಕಯ್ಯಮ್ಮ ಮಾತ್ರ ಹಿತ್ತಲ ಕಡೆಯ ಕೋಣೆಯಲ್ಲಿ ಉಳಿದುಕೊಂಡು, ಸಂಜೆ ಸಂಜೆ ಆ ಬಾಗಿಲಿಗೆ ಹರಳೆಣ್ಣೆಯ ದೀಪ ಇಡುತ್ತಿದ್ದಳು.

ಕೊಂಡಮ್ಮ ಮಂಚೇನಹಳ್ಳಿಯ ಊರಾಚೆಯ ಕೇರಿಯವಳು. ಶಾಲೆಯ ಜಗಲಿಯ ಕೆಳಗೆ ಬಿಸಿಲಲ್ಲಿ ಕೂತು, ಒಳಗೆ ಹೇಳುತ್ತಿದ್ದುದನ್ನು ಕಿಟಕಿಯಿಂದ ಕೇಳಿಸಿಕೊಂಡು ಅಕ್ಷರ ಕಲಿತವಳು, ಮುಂದೆ ಮೈಸೂರಿಗೆ ಹೋಗಿ ಓದಿದವಳು. ಆ ಕೇರಿಯಲ್ಲಿ ಓದು ಬಲ್ಲ ಮೊದಲ ಹೆಣ್ಣು. ಕಾಲೇಜಿಗೆ ಬಂದ ವಾರದಲ್ಲೇ ಅವಳು ರಿಸರ್ವ್ ಬೀರುವಿಗೆ ಕೈ ಹಾಕಿದ್ದಳು. ಒಂದೇ ಪ್ರತಿಯಿದ್ದ ಪುಸ್ತಕಗಳನ್ನು ಅದರಲ್ಲಿಟ್ಟು, ಮೇಷ್ಟ್ರುಗಳು ತಮಗೆ ಬೇಕಾದ ಹುಡುಗರಿಗಷ್ಟೇ ಕೊಡಿಸುತ್ತಿದ್ದರು. ಅವಳು ಅದನ್ನು ನಿಲ್ಲಿಸಿದಳು. ಮೊದಲು ಚೀಟಿ ಕೊಟ್ಟವರಿಗೆ ಮೊದಲು ಪುಸ್ತಕ. ಅವಳ ಕಣ್ಣೆದುರಿನ ಮೇಜಿನಲ್ಲೇ ಓದಬೇಕು. ಗಂಟೆ ಹೊಡೆದಾಗ ಹಿಂದಕ್ಕೆ ಕೊಡಬೇಕು. ಯಾರ ಮಗನಾದರೂ ಸರಿ.

ಅದನ್ನು ಕಂಡೇ ಕನ್ನಡದ ಉಪನ್ಯಾಸಕ ನರಸಿಂಹಪ್ಪನಿಗೆ ಧೈರ್ಯ ಬಂದದ್ದು. ಒಳಕೋಣೆಯಲ್ಲಿ ಮಕ್ಕಳ ಜ್ವರಕ್ಕೆ ಮದ್ದು ಹೇಳುವ ಗ್ರಂಥವಿದೆಯಂತೆ, ನೋಡಲು ಸಿಗಬಹುದೇ ಎಂದು ಹಿಂಜರಿಯುತ್ತಲೇ ಚೀಟಿ ಬರೆದುಕೊಟ್ಟ. ಬೀರುವಿಗಿರುವ ನಿಯಮವೇ ಕೋಣೆಗೂ ಎಂದಳು ಕೊಂಡಮ್ಮ. ಬೀಗದ ಕೈ ತೆಗೆದುಕೊಂಡು ಹೊರಟವಳನ್ನೇ ಅಕ್ಕಯ್ಯಮ್ಮ ತಡೆದು ನಿಲ್ಲಿಸಿದ್ದು. ಹಿಂದಿನ ಲೈಬ್ರೇರಿಯನ್ ರಾಮಾಂಜಿನಪ್ಪ ಒಂದು ಗಂಟು ಬಿಚ್ಚಿದ್ದಕ್ಕೇ ಕೆಲಸ ಬಿಟ್ಟು ಪೆರೇಸಂದ್ರ ಸೇರಿದ ಎಂದೂ ಮುದುಕಿ ಹೇಳಿದಳು. ಆತನಿಗೆ ಕನ್ನಡಕ ಬೇಕಾಗಿತ್ತೇನೋ ಎಂದು ಕೊಂಡಮ್ಮ ಬಾಗಿಲು ತಳ್ಳಿದಳು.

ಒಳಗಿನ ಗಾಳಿ ಮುಖಕ್ಕೆ ಒದ್ದೆ ಬಟ್ಟೆಯಂತೆ ಬಡಿಯಿತು. ಹಳೆಯ ಅರಿಶಿನ, ಕಮಟು ಎಣ್ಣೆ, ಅದರಡಿಯಲ್ಲಿ ಸುಟ್ಟ ಕೂದಲಿನ ವಾಸನೆ. ಹೊಸ್ತಿಲ ಮೇಲೆ ಮೊಳೆ ಚುಚ್ಚಿದ ನಿಂಬೆಹಣ್ಣು ಒಣಗಿ ಕಲ್ಲಾಗಿತ್ತು. ಗೂಡಿನಲ್ಲೊಂದು ಮರದ ಗೊಂಬೆ. ಅದರ ಎರಡೂ ಕಣ್ಣಿಗೆ ಮೊಳೆ ಹೊಡೆದಿದ್ದರು. ಗೋಡೆಯುದ್ದಕ್ಕೂ ತಾಳೆಗರಿಗಳನ್ನು ಕಟ್ಟಿಟ್ಟ ಕೆಂಪು ಬಟ್ಟೆಯ ಗಂಟುಗಳು. ಕಿಟಕಿಯಿಲ್ಲದ ಕೋಣೆಯಲ್ಲಿ ಒಣಗರಿಗಳು ಸರಸರ ಎಂದವು.

ಅವಳು ಮೊದಲ ಗಂಟಿಗೆ ಕೈ ಹಾಕಿದಳು. ಬಿಚ್ಚಿದ ಕ್ಷಣ ಕಣ್ಣ ಹಿಂದೆ ಸೂಜಿ ಎಳೆದಂತಾಯಿತು. ಅಷ್ಟೇ. ಅದರೊಳಗಿನ ಗ್ರಂಥವನ್ನು ತಂದು, ಇದೇನೋ ನೋಡಿ ಎಂದು ನರಸಿಂಹಪ್ಪನ ಮುಂದಿಟ್ಟು, ಅವನ ಚೀಟಿಯ ಮೇಲೆ ರುಜು ಹಾಕಲು ಪೆನ್ನು ಹಿಡಿದಳು.

ಕೈ ನಿಂತಿತು. ತನ್ನ ಹೆಸರಿನ ಮೊದಲ ಅಕ್ಷರ ಹೇಗಿರುತ್ತದೆ?

ಚೀಟಿಯ ಬರಹ ಹಸಿ ಗೋಡೆಯ ಮೇಲಿನ ಹಲ್ಲಿಗಳ ಹಾಗೆ ಅತ್ತಿತ್ತ ಸರಿಯಿತು. ತಲೆಸುತ್ತು ಎಂದು ನರಸಿಂಹಪ್ಪನಿಗೆ ಹೇಳಿ ಮನೆಗೆ ಹೋದಳು. ಶನಿವಾರದ ಹೊತ್ತಿಗೆ ಪತ್ರಿಕೆಯಲ್ಲಿ ಅರ್ಧ ಸಾಲುಗಳೇ ಖಾಲಿ.

ಭಾನುವಾರ ಪೆರೇಸಂದ್ರಕ್ಕೆ ಹೊರಟಳು. ಬಸ್ಸಿನ ಹಣೆಯ ಮೇಲಿನ ಬೋರ್ಡು ಅವಳಿಗೆ ಅರ್ಧಕ್ಕರ್ಧ ಬರೀ ಬಣ್ಣದ ಹಲಗೆ. ಅಕ್ಷರ ಕಲಿತ ಮೇಲೆ ಯಾರನ್ನೂ ಕೇಳದವಳು ಪಕ್ಕದಲ್ಲಿದ್ದ ಸೊಪ್ಪು ಮಾರುವ ಹೆಂಗಸನ್ನು, ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಅವಮಾನಕ್ಕೆ ಕಿವಿ ಸುಟ್ಟವು.

ರಾಮಾಂಜಿನಪ್ಪ ಜಗಲಿಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಅದನ್ನು ಕಂಡದ್ದೇ ಅವಳಿಗೆ ಹೋದ ಜೀವ ಬಂದಂತಾಯಿತು. ಅಕ್ಷರ ವಾಪಸ್ ಬಂದವಲ್ಲ, ಹೇಗೆ ಎಂದು ಕೇಳಿದಳು. ಆತ ಒಳಗಿದ್ದ ಮಗಳನ್ನು ಕರೆದ. ಹುಡುಗಿ ಸ್ಲೇಟು ತಂದಳು. ಅದರ ತುಂಬ ಒಂದರ ಮೇಲೊಂದು ಎಳೆದ ಅಡ್ಡಗೆರೆಗಳು, ಕಲ್ಲು ಸವೆಯುವಷ್ಟು.

"ಕ್ಲಾಸಿಗೇ ಮುಂದಿದ್ದೋಳು," ಎಂದ ಆತ. "ಗಂಟು ಮತ್ತೆ ಕಟ್ಟಿ, ಅಕ್ಕಯ್ಯಮ್ಮ ಹೇಳಿಕೊಟ್ಟ ಮಾತು ಹೊಸ್ತಿಲ ಹತ್ರ ಅಂದೆ. 'ಅಕ್ಷರ ನಮ್ಮದಲ್ಲ, ನನ್ನ ಹಿಂದೆ ಬರೋರಿಗೂ ಬೇಡ.' ಬಾಯಿಮಾತು ಅಂದ್ಕೊಂಡೆ. ನನ್ನದು ಬಂತು. ಇವಳದು ಹೋಯ್ತು. ಈಗ ನಾನು ಓದ್ತಾ ಇರ್ತೀನಿ, ಇವಳು ನನ್ನ ಮುಖ ನೋಡ್ತಾ ಕೂತಿರ್ತಾಳೆ."

ಹಿಂದಿರುಗುವ ಬಸ್ಸಿನಲ್ಲಿ ಕೊಂಡಮ್ಮನ ಭಯಕ್ಕೆ ಬೆಂಕಿ ಹತ್ತಿಕೊಂಡಿತು. ಅವಳ ಅಣ್ಣನ ಮಗಳು ಗೌರಿಬಿದನೂರಿನ ಹೈಸ್ಕೂಲಿನಲ್ಲಿದ್ದಳು. ಜಗಲಿಯ ಕೆಳಗಲ್ಲ, ಒಳಗೆ, ಬೆಂಚಿನ ಮೇಲೆ ಕೂರುತ್ತಿದ್ದಳು. ಅವಳ ಹಿಂದೆ ಕೇರಿಯ ಇನ್ನೆಷ್ಟೋ ಮಕ್ಕಳು. ಗಂಟು ಕಟ್ಟಿ ಸತ್ತ ಆ ಮುತ್ತಾತ ಮೊಳೆ ಹೊಡೆದು ಕಾಯ್ದುಕೊಂಡದ್ದು ಇಂಥ ಮಕ್ಕಳಿಗೆ ಅಕ್ಷರ ಸಿಗದಿರಲೆಂದೇ ಎಂದು ಅವಳಿಗೆ ಹೊಳೆಯಿತು. ಅವನ ಮಾತನ್ನು ತನ್ನ ಬಾಯಲ್ಲಿ ಆಡಿಸಬೇಕೆಂದಿದ್ದಾನೆ. ಆಡಲಾರೆ ಎಂದುಕೊಂಡಳು.

ಸೋಮವಾರ ಕಾಲೇಜು ಬಿಟ್ಟು ಹುಡುಗರೆಲ್ಲ ಹೋದ ಮೇಲೆ ಒಳಕೋಣೆಯ ಕಡೆ ನಡೆದಳು. ಆಷಾಢದ ಗಾಳಿ ಹೆಂಚುಗಳನ್ನು ಕಿತ್ತೆಸೆಯುವಂತೆ ಬೀಸುತ್ತಿತ್ತು. ಅಕ್ಕಯ್ಯಮ್ಮ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಒಂದು ಮಾತು ಅಷ್ಟೆ ಕಣಮ್ಮ. ಅಂದು ಗಂಟು ಕಟ್ಟಿಬಿಡು. ನಿನ್ನ ಕೆಲಸ ಉಳೀತದೆ."

"ಒಂದು ಗಂಟಿಗಿಂತ ಮುಂದೆ ಯಾರಾದ್ರೂ ಹೋಗಿದಾರಾ ಅಜ್ಜಿ?"

ಮುದುಕಿ ದೀಪಕ್ಕೆ ಸೆರಗು ಅಡ್ಡ ಹಿಡಿದಳು. "ಇಲ್ಲ. ಎಲ್ಲಾ ಬಿಚ್ಚಿದ್ರೆ ಆ ಮುತ್ತಾತನಿಗೆ ಹಿಡಿಯೋಕೆ ಏನೂ ಉಳಿಯಲ್ಲ ಅಂತಾರೆ. ಆದ್ರೆ ಬಿಚ್ಚಿದೋರಿಗೂ ಏನೂ ಉಳಿಯಲ್ಲ."

ಕೊಂಡಮ್ಮ ಒಳಗೆ ಹೋದಳು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಕತ್ತಲು. ಉಸಿರಾಡುವ ಕತ್ತಲು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಕಿವಿಯ ಹತ್ತಿರ ಒಣಗರಿ ಉಜ್ಜಿದಂಥ ದನಿ. ಆ ಮಾತು ಅನ್ನು. ಬೇಡ ಅನ್ನು.

ಅವಳು ಗೋಡೆ ತಡಕಿ ಒಂದು ಗಂಟು ಹಿಡಿದಳು. ಎಳೆದಳು. ಬಿಚ್ಚಿತು. ಕಣ್ಣ ಹಿಂದೆ ಸೂಜಿ. ಮೈಸೂರಿನಲ್ಲಿ ಕಲಿತ ಇಂಗ್ಲಿಷು ಒಂದೇ ಏಟಿಗೆ ಹೋಯಿತು. ಮತ್ತೊಂದು ಗಂಟು. ತೆಲುಗು ಹೋಯಿತು. ಇನ್ನೊಂದು. ಅಂಕಿಗಳು ಹೋದವು. ತಣ್ಣನೆಯ ಬೆರಳು ಅವಳ ಬಾಯೊಳಗೆ ಬಂತು. ನಾಲಿಗೆ ಹಿಡಿಯಿತು. ತಿರುಗಿಸಿತು. ಅವಳದಲ್ಲದ ಮಾತು ಅವಳ ಬಾಯಿಂದಲೇ ಹೊರಟಿತು. ಅಕ್ಷರ ನಮ್ಮ...

ಅವಳು ಹಲ್ಲು ಕಚ್ಚಿದಳು. ನಾಲಿಗೆ ಸೀಳಿತು. ಬಾಯಿ ತುಂಬ ಬೆಚ್ಚನೆಯ ರಕ್ತ. ಅದನ್ನು ಕತ್ತಲಿನ ಮುಖಕ್ಕೇ ಉಗಿದಳು.

"ಅಕ್ಷರ ನಮ್ಮದು," ಎಂದಳು.

ಕೋಣೆ ಅಲುಗಿತು. ಗೂಡಿನಿಂದ ಗೊಂಬೆ ಉರುಳಿ ಬಿತ್ತು. ಅವಳು ನಿಲ್ಲಲಿಲ್ಲ. ಎಳೆದಳು. ಬಿಚ್ಚಿದಳು. ಎಳೆದಳು. ಉಗುರು ಕಿತ್ತುಬಂತು. ಕಿಟಕಿಯಾಚೆ ಕೂತು ಕದ್ದು ಕಲಿತ ಕಾಗುಣಿತ ಒಂದೊಂದೇ ಸಾಲು ಅಳಿಸುತ್ತ ಬಂತು. ಹ ಹೋಯಿತು. ಮ ಹೋಯಿತು. ಗ ಹೋಯಿತು. ಕೊನೆಯ ಗಂಟು ಕೈಗೆ ಸಿಕ್ಕಾಗ ಉಳಿದಿದ್ದುದು ಒಂದೇ. ಅ. ಮರಳಿನ ಮೇಲೆ ಮೊದಲ ಸಲ ಬೆರಳಲ್ಲಿ ತಿದ್ದಿದ್ದು. ಅದನ್ನು ಕಣ್ತುಂಬ ನೆನೆದಳು. ಅಳುತ್ತಲೇ ಗಂಟು ಎಳೆದಳು.

ದನಿ ನಿಂತಿತು. ವಾಸನೆಯೂ ಹೋಯಿತು. ಬಾಗಿಲು ತೆರೆದುಕೊಂಡಾಗ ಸಂಜೆಯ ಬೆಳಕು ಇನ್ನೂ ಇತ್ತು. ಅಕ್ಕಯ್ಯಮ್ಮ ದೀಪವನ್ನು ಊದಿ ಆರಿಸಿ, ಸೆರಗಿನಿಂದ ಅವಳ ಬಾಯಿ ಒರೆಸಿದಳು.

ಕೆಲವು ದಿನಗಳ ಮೇಲೆ ರಾಮಾಂಜಿನಪ್ಪ ಮಗಳನ್ನು ಕರೆದುಕೊಂಡು ಬಂದ. ಹುಡುಗಿ ಸ್ಲೇಟನ್ನು ಕೊಂಡಮ್ಮನ ಮುಂದೆ ಹಿಡಿದಳು. ಅಲ್ಲಿ ಬಿಳಿಯ ಗೆರೆಗಳಿದ್ದವು, ಡೊಂಕಾಗಿ, ಸುತ್ತಿಕೊಂಡು. ಏನು ಬರೆದಿದ್ದೀಯ ತಾಯಿ ಎಂದು ಕೊಂಡಮ್ಮ ಕೇಳಿದಳು. ಹುಡುಗಿ ತನ್ನ ಹೆಸರು ಓದಿ ಹೇಳಿದಳು. ರಾಮಾಂಜಿನಪ್ಪ ಕಂಬದ ಕಡೆ ಮುಖ ತಿರುಗಿಸಿಕೊಂಡ.

ಕೊಂಡಮ್ಮ ತನ್ನ ಸ್ಥಿತಿಯನ್ನು ಮುಚ್ಚಿಡಲಿಲ್ಲ. ಚೀಟಿ ಕೊಟ್ಟವರು ಗಟ್ಟಿಯಾಗಿ ಓದಿ ಹೇಳಬೇಕೆಂದಳು. ಯಾವ ಪುಸ್ತಕ ಎಲ್ಲಿದೆಯೆಂಬುದು, ಜೋಡಿಸಿದವಳೇ ಆದ್ದರಿಂದ, ಅವಳಿಗೆ ಮನೆಯ ಪಾತ್ರೆಗಳಷ್ಟೇ ಗೊತ್ತಿತ್ತು. ಒಳಕೋಣೆಯ ಬಾಗಿಲು ಹಗಲೆಲ್ಲ ತೆರೆದಿರುತ್ತಿತ್ತು. ನರಸಿಂಹಪ್ಪ ಮೇಜಿನಲ್ಲಿ ಕೂತು ಜ್ವರದ ಮದ್ದುಗಳನ್ನು ನಕಲು ಮಾಡಿಕೊಳ್ಳುತ್ತಿದ್ದ. ರಾತ್ರಿ ಹೊತ್ತು ಮನೆಯಲ್ಲಿ ಅವಳು ಹೊಸದಾಗಿ ಅಕ್ಷರ ತಿದ್ದಲು ಕೂರುತ್ತಿದ್ದಳು. ತಿದ್ದಿದ್ದು ಬೆಳಗಿಗೆ ಇರುತ್ತಿರಲಿಲ್ಲ. ಆದರೂ ಕೂರುತ್ತಿದ್ದಳು.

ಶ್ರಾವಣ ಹುಟ್ಟಿದ ಮೇಲೆ ವೆಂಕಟರವಣಪ್ಪನವರು ಲೈಬ್ರರಿಗೆ ಬಂದರು. ಓದು ಬಾರದ ಹೆಂಗಸು ಪುಸ್ತಕ ಕಾಯುತ್ತಿದ್ದಾಳೆಂದು ಊರೆಲ್ಲ ನಗುತ್ತಿದೆ ಎಂದರು. ಮಡಿಸಿ ತಂದಿದ್ದ ಕಾಗದವನ್ನು ಅವಳ ಮುಂದೆ ಹರವಿ, ಪೆನ್ನಿನ ಮುಚ್ಚಳ ತೆಗೆದರು.

"ಇಲ್ಲಿ ರುಜು ಹಾಕು. ಹೆಬ್ಬೆಟ್ಟಾದ್ರೂ ಒತ್ತು."

ಕೊಂಡಮ್ಮ ಕಾಗದವನ್ನು ನೋಡಿದಳು. ಕಪ್ಪು ಗೆರೆಗಳು. ಅದನ್ನು ಅವರ ಕಡೆಗೇ ಸರಿಸಿದಳು.

"ಓದದೇ ಇರೋ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಲ್ಲ ಸ್ವಾಮಿ. ನೀವೇ ಗಟ್ಟಿಯಾಗಿ ಓದಿ. ಎಲ್ಲಾರ್ಗೂ ಕೇಳ್ಲಿ."

ಮೇಜಿನ ಸುತ್ತ ಕೂತಿದ್ದವರೆಲ್ಲ ತಲೆಯೆತ್ತಿದರು. ಊರ ಹುಡುಗರು, ಕೇರಿಯ ಹುಡುಗರು, ಗರಿಯ ಮೇಲೆ ಬೆರಳಿಟ್ಟಿದ್ದ ನರಸಿಂಹಪ್ಪ. ವೆಂಕಟರವಣಪ್ಪನವರು ಕಾಗದ ಎತ್ತಿಕೊಂಡರು, ಬಾಯಿ ತೆರೆದರು. ಅಷ್ಟು ಮುಖಗಳನ್ನೂ ಒಂದು ಸಲ ನೋಡಿದರು. ತೆರೆದ ಬಾಯಿ ಮುಚ್ಚಿದರು.

ಅದರಲ್ಲಿ ಏನು ಬರೆದಿತ್ತೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಎಲ್ಲರೆದುರು ಓದುವಂಥದ್ದಲ್ಲ ಎಂಬುದಷ್ಟು ತಿಳಿಯಿತು. ಅವರು ಕಾಗದ ಮಡಿಸಿ ಜೇಬಿಗಿಟ್ಟುಕೊಳ್ಳುವವರೆಗೂ ಅವಳು ಅವರ ಮುಖದಿಂದ ಕಣ್ಣು ಕೀಳಲಿಲ್ಲ.