ಮೇಣದ ಕಾಗದದ ಮಂಟಪ

ಹಳೆಯ ಫೋಟೋಗಳ ಪ್ರದರ್ಶನಕ್ಕೆ ಕಳಿಸಿದ ಚಿತ್ರ ವಾಪಸು ಬಂದಾಗ ಸಿದ್ದಲಿಂಗೇಶನನ್ನು ಚುಚ್ಚಿದ್ದು ತಿರಸ್ಕಾರವಲ್ಲ, ಜೊತೆಗಿದ್ದ ಹೊಗಳಿಕೆ. 'ಕೈಕೆಲಸ ಅದ್ಭುತವಾಗಿದೆ. ಆದರೆ ನಮಗೆ ಬೇಕಿರುವುದು ಆ ಕಾಲದ್ದೇ ಚಿತ್ರಗಳು' ಎಂದು ಸಂಗ್ರಹಾಲಯದ ಗಾಯತ್ರಿ ಬರೆದಿದ್ದರು. ಪಿರಮಿಡ್ಡು, ತಾಜಮಹಲು, ಗ್ರೀಸಿನ ದೇಗುಲ. ಕ್ಯಾಮೆರಾ ಹುಟ್ಟಿದ ಹೊಸತರಲ್ಲಿ ಅವುಗಳ ಮುಂದೆ ನಿಂತು ಚಿತ್ರ ತೆಗೆದವರಿಗೆಲ್ಲ ಆ ಪ್ರದರ್ಶನದಲ್ಲಿ ಗೋಡೆಯಿತ್ತು. ಹೊಸಪೇಟೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತ, ಮೇಣದ ಕಾಗದದ ಮೇಲೆ ಚಿತ್ರ ಮೂಡಿಸುವ ಅವರ ಅದೇ ವಿದ್ಯೆಯನ್ನು ಹನ್ನೊಂದು ವರ್ಷ ಒಬ್ಬನೇ ಕೂತು ಕಲಿತವನಿಗೆ ಒಂದು ಮೊಳೆಯಷ್ಟು ಜಾಗವಿರಲಿಲ್ಲ.

ಹಳೆಯದೇ ಬೇಕಾದರೆ ಹಳೆಯದನ್ನೇ ಕೊಡೋಣ ಎಂದುಕೊಂಡ.

ಅವಸರ ಮಾಡಲಿಲ್ಲ. ಕೋಲ್ಕತ್ತದ ಹಳೇ ಕಾಗದದ ವ್ಯಾಪಾರಿಯಿಂದ ಬರೆಯದೆ ಉಳಿದ ಇಂಗ್ಲೆಂಡಿನ ಹಾಳೆಗಳನ್ನು ತರಿಸಿದ. ಬೆಳಕಿಗೆ ಹಿಡಿದರೆ ಕಾಗದದೊಳಗೆ ೧೮೫೪ ಎಂಬ ಅಂಕಿ ಕಾಣುತ್ತಿತ್ತು. ಅವುಗಳಿಗೆ ಜೇನುಮೇಣ ಕುಡಿಸಿ, ಬೆಳಕು ಹಿಡಿಯುವ ಬೆಳ್ಳಿಯ ದ್ರಾವಣದಲ್ಲಿ ಅದ್ದಿ ತೆಗೆದ. ಕಲ್ಲಿನ ರಥದ ಗೊಡವೆಗೆ ಹೋಗಲಿಲ್ಲ. ಅದರ ಹಳೆಯ ಚಿತ್ರಗಳು ಜಗತ್ತಿನಲ್ಲೆಲ್ಲ ಇವೆ, ಪಕ್ಕದಲ್ಲಿಟ್ಟು ನೋಡಿದರೆ ಕತೆ ಮುಗಿಯುತ್ತದೆ. ಯಾರೂ ಚಿತ್ರ ತೆಗೆಯದ ಜಾಗ ಬೇಕಿತ್ತು. ಕಡ್ಡಿರಾಂಪುರದ ಆಚೆ ಬಾಳೆತೋಟಗಳ ನಡುವೆ ಆರು ಕಂಬದ ಒಂದು ಮಂಟಪ ಸಿಕ್ಕಿತು. ಫಲಕವಿಲ್ಲ, ಬೇಲಿಯಿಲ್ಲ, ಪ್ರವಾಸಿಗರಿಲ್ಲ. ತೋಟದ ಗೆರೆ, ವಿದ್ಯುತ್ ತಂತಿ ಯಾವುದೂ ಬೀಳದ ಕೋನ ಹುಡುಕಲು ಮೂರು ದಿನ ಹಿಡಿಯಿತು. ಒಂದು ಬೆಳಿಗ್ಗೆ ಮರದ ಕ್ಯಾಮೆರಾದ ಮುಚ್ಚಳ ತೆಗೆದು ಹನ್ನೆರಡು ನಿಮಿಷ ಉಸಿರು ಬಿಗಿಹಿಡಿದಂತೆ ನಿಂತ. ಮನುಷ್ಯರು ಬದಲಾಗುತ್ತಾರೆ, ಕಲ್ಲು ಎಲ್ಲಿಗೆ ಹೋದೀತು? ಕೊನೆಗೆ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ೧೮೫೬ ಎಂದು ಬರೆದ.

ಇನ್ನು ಅದಕ್ಕೊಂದು ತವರು ಬೇಕಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಮನೆತನದ ಗಂಗಾಂಬಿಕಮ್ಮ ಸುಳ್ಳು ಹೇಳದ ಹೆಂಗಸೆಂದು ಊರಿಗೆಲ್ಲ ಗೊತ್ತು. ಮನೆಯ ಹಳೇ ಪತ್ರಗಳನ್ನು ಪುಕ್ಕಟೆ ಫೋಟೋ ತೆಗೆದುಕೊಡುತ್ತೇನೆಂದು ಹೋದ. ಆಕೆ ಚಹಾ ತರಲು ಒಳಗೆ ಹೋದಾಗ ಆಕೆಯ ಮಾವನ ಪೆಟ್ಟಿಗೆಯ ತಳದ ಬಟ್ಟೆಯ ಕೆಳಗೆ ಹಾಳೆ ಸರಿಸಿದ.

"ಅಮ್ಮಾರ, ಪೆಟ್ಟಿಗಿ ಒಮ್ಮೆ ಬಿಸಲಿಗೆ ಹಾಕ್ರಿ. ಹುಳ ಹತ್ಯಾವು," ಎಂದಷ್ಟೇ ಹೇಳಿ ಬಂದ.

ಹತ್ತನೇ ದಿನ ಫೋನ್ ಬಂತು. "ನಮ್ಮ ಮಾವಾರ ಪೆಟ್ಟಿಗ್ಯಾಗ ಏನೋ ಮೇಣದ ಕಾಗದ ಸಿಕ್ಕೈತಿ. ಬೆಳಕಿಗಿ ಹಿಡದ್ರ ಗುಡಿ ಕಂಡಂಗ ಆಗ್ತೈತಿ. ನೀವು ತಿಳದೋರು, ಬಂದು ನೋಡ್ರಿ."

ಅವನು ಬೆರಗುಪಟ್ಟ. ಬೆರಗುಪಡುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ.

ಗಾಯತ್ರಿ ಬಂದರು. ಕಾಗದ, ಮೇಣ, ಬೆಳ್ಳಿ ಎಲ್ಲ ಪರೀಕ್ಷೆಯಲ್ಲಿ ಗೆದ್ದವು. 'ಇದು ನಮ್ಮ ಮನೆತನದ ವಸ್ತು' ಎಂದು ಗಂಗಾಂಬಿಕಮ್ಮ ಬರೆದು ಸಹಿ ಹಾಕಿದರು. ಆ ಸಹಿ ನೋಡುವಾಗ ಎದೆಯೊಳಗೆ ಏನೋ ಚುರ್ರೆಂದಿತು. ಆದರೆ ಗೋಡೆಯ ಮೇಲೆ 'ಗುರುತಿಸಿದವರು: ಸಿದ್ದಲಿಂಗೇಶ್, ಹೊಸಪೇಟೆ' ಎಂದು ಹಾಕುತ್ತೇವೆಂದು ಗಾಯತ್ರಿ ಹೇಳಿದ ಕೂಡಲೇ ಅದು ಆರಿತು. ಇನ್ನೂ ಒಂಬತ್ತು ಹಾಳೆಗಳಿದ್ದವು. ಇನ್ನೂ ಒಂಬತ್ತು ಪೆಟ್ಟಿಗೆಗಳು ಸಿಕ್ಕಾವು.

"ಕ್ಯಾಮೆರಾ ನಿಂತ ಜಾಗದಲ್ಲಿ ನಾನೊಮ್ಮೆ ನಿಲ್ಲಬೇಕು," ಎಂದರು ಗಾಯತ್ರಿ. ಅದಕ್ಕೂ ಅವನು ತಯಾರಿದ್ದ. ಎರಡು ದಿನ ಆ ಮಂಟಪವನ್ನೇ ಹುಡುಕುವವನಂತೆ ಅವರನ್ನು ಅಲ್ಲಿ ಇಲ್ಲಿ ಸುತ್ತಾಡಿಸಿ, ಮೂರನೇ ದಿನ ಬಾಳೆತೋಟದ ದಾರಿ ಹಿಡಿಸಿದ. ಗಂಗಾಂಬಿಕಮ್ಮನೂ ಜೊತೆಗೆ ಬಂದಿದ್ದರು, ಇಳಕಲ್ ಸೀರೆಯುಟ್ಟು, ಬೀಗರ ಮನೆಗೆ ಹೊರಟವರಂತೆ. ಗಾಯತ್ರಿ ಚಿತ್ರದ ಪಡಿಯಚ್ಚನ್ನು ಎದುರಿಗೆ ಹಿಡಿದರು. ಒಂದೊಂದು ಕಲ್ಲೂ ತಾಳೆಯಾಯಿತು.

"ನೂರ ಎಪ್ಪತ್ತು ವರ್ಷ. ಕೂದಲೆಳೆಯಷ್ಟೂ ಅಲುಗಿಲ್ಲ," ಎಂದರು.

ಮಂಟಪದ ನೆರಳಿನಲ್ಲಿ ಆಡು ಬಿಟ್ಟುಕೊಂಡು ಕೂತಿದ್ದ ಮುದುಕ ಎದ್ದು ಬಂದ. ಹೆಸರು ಜಂಬಪ್ಪ, ಸ್ಮಾರಕಗಳ ಇಲಾಖೆಯಲ್ಲಿ ಕಲ್ಲುಕೆಲಸ ಮಾಡಿ ನಿವೃತ್ತನಾದವನು. "ಯಾವ ಕಾಲದ ಫೋಟೋರಿ ಇದು?" ಎಂದ.

"ನಿಮ್ಮ ಮುತ್ತಾತನ ಕಾಲದ್ದು," ಎಂದರು ಗಾಯತ್ರಿ ನಗುತ್ತ.

ಜಂಬಪ್ಪ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಹಂಗಾದ್ರ ಈ ಮೂರನೇ ಕಂಬ ಇದ್ರಾಗ ಹ್ಯಾಂಗ ನಿಂತೈತ್ರಿ? ಇದು ನೆಲಕ್ಕ ಬಿದ್ದಿತ್ತು. ನಮ್ಮಪ್ಪ ಸಣ್ಣಾವ ಇದ್ದಾಗಿಂದ ಬಿದ್ದಿತ್ತಂತ. ಎಂಬತ್ಮೂರನೇ ಇಸವಿಗೆ ನಾವು ಎಂಟು ಮಂದಿ ಎಬ್ಬಿಸಿ ನಿಲ್ಲಿಸಿದ್ವಿ. ಉಳಿದ ಕಂಬದಾಗ ಕೆತ್ತಿದ ಹಂಸ ಎಲ್ಲ ಹೊರಗ ಮಾರಿ ಮಾಡ್ಯಾವು ನೋಡ್ರಿ. ಇದರ ಹಂಸ ನಾನು ತಪ್ಪಿ ಒಳಗ ತಿರುವಿಬಿಟ್ಟೆ. ಸಾಹೇಬ್ರು ಭಾಳ ಬೈದ್ರು." ಗಂಗಾಂಬಿಕಮ್ಮ ಕಂಬವನ್ನು ನೋಡಲಿಲ್ಲ, ಸಿದ್ದಲಿಂಗೇಶನ ಮುಖ ನೋಡಿದರು. ಗಾಯತ್ರಿಯ ಬೆರಳು ಚಿತ್ರದ ಮೇಲೆ ಒಂದೊಂದೇ ಕಂಬ ದಾಟುತ್ತ ಬಂತು. ಮೊದಲನೆಯದರಲ್ಲಿ ಹಂಸವಿತ್ತು, ಎರಡನೆಯದರಲ್ಲೂ ಇತ್ತು. ಮೂರನೆಯ ಕಂಬ ಚಿತ್ರದಲ್ಲೂ ಬೋಳಾಗಿತ್ತು.