ಹಳದಿ ಹೊಂಡದ ಲೋಳೆ

ಅವನು ಮೊದಲ ಸಲ ಹೊಂಡದ ಬಳಿ ಬಂದಾಗ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಇಸ್ತ್ರಿಯ ಅಂಗಿ, ಮಿರಮಿರ ಮಿಂಚುವ ಬೂಟು. ಕ್ರೋಮ್ ಲೇಪನದ ಕಾರ್ಖಾನೆಯ ಯಜಮಾನರ ಮಗನೆಂದು ಕಾವಲುಗಾರ ಹೇಳಿದ್ದೇ ತಡ, ಅಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕಿಗೆ ಮೈಯೆಲ್ಲ ಉರಿಯಿತು.

“ನಿಮ್ಮ ಕಾರ್ಖಾನೆ ಬಿಟ್ಟ ನೀರೇ ಸ್ವಾಮಿ ಇದು. ನಿಮಗೇ ಆಗಿಬರಲ್ವಾ?”

ಉತ್ತರ ಕೊಡಲು ಅವನು ಕರವಸ್ತ್ರ ತೆಗೆದ. ಮಾತಿನ ಬದಲು ಬೆಳಗಿನ ತಿಂಡಿ ಹೊರಬಂತು, ನೇರ ಅವಳ ಗಮ್‌ಬೂಟಿನ ಮೇಲೆ.

“ಸಾರಿ,” ಎಂದ, ಕಣ್ಣಲ್ಲಿ ನೀರು.

“ಅಯ್ಯೋ ಕರ್ಮವೇ!”

ಅವಳಿಗೆ ಹೇಸಿಗೆ ಹೊಸದಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಆ ಹಳದಿ ಹೊಂಡದ ಪಕ್ಕ ತೊಟ್ಟಿ ಕಟ್ಟಿಸಿ ಬ್ಯಾಕ್ಟೀರಿಯಾ ಸಾಕುತ್ತಿದ್ದಳು. ಕಲ್ಲಿಗೆ ಅಂಟಿದ ಆ ಬ್ಯಾಕ್ಟೀರಿಯಾಗಳ ಕಂದು ಲೋಳೆ, ನೆಗಡಿ ಬಂದವರ ಸಿಂಬಳದಂತೆ ಜೋತಾಡುತ್ತಿತ್ತು. ನೀರಿನಲ್ಲಿದ್ದ ಕ್ರೋಮಿಯಂ ವಿಷವನ್ನು ಮುರಿದು, ಹಸಿರು ಗಸಿಯಾಗಿ ತಳಕ್ಕೆ ಇಳಿಸುತ್ತಿದ್ದುದೂ ಆ ಲೋಳೆಯೇ. ಕೂದಲಿಗೆ ಹತ್ತಿದ ನಾತ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಕ್ಕ ಅವಳನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಿಡುವಳು. “ಹೀಗಾದ್ರೆ ನಿನ್ನ ಯಾರೇ ಕಟ್ಕೋತಾರೆ?”

ಮರುದಿನ ಅವನು ಕರವಸ್ತ್ರವಿಲ್ಲದೆ ಬಂದ.

“ಹೊಟ್ಟೆ ಖಾಲಿ ಇಟ್ಕೊಂಡು ಬಂದಿದ್ದೀನಿ. ಈಗ ನಿಮ್ಮ ಕೆಲಸ ತೋರ್ಸಿ.”

ಲೋಳೆ ಕಂಡು ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ಆದರೂ ಬಗ್ಗಿ ನೋಡಿದ. ಕಡೆಗಣ್ಣಲ್ಲಿ ತನ್ನನ್ನೂ ನೋಡಿದ್ದು ಅವಳಿಗೆ ಗೊತ್ತಾಯಿತು. ಆಮೇಲೆ ದಿನವೂ ಬರತೊಡಗಿದ. ಗೇಟಿನಾಚೆ ಅವನ ವಾಕರಿಕೆ ಕೇಳಿದರೆ ಸಾಕು, ಅವಳ ಕೈ ತಾನಾಗಿ ಕೂದಲು ಸರಿಪಡಿಸಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ತೊಟ್ಟಿಯಿಂದ ಆಮ್ಲದ ಘಾಟು. ಕಾರ್ಖಾನೆ ಕದ್ದು ಬಿಟ್ಟ ನೀರು ಒಳನುಗ್ಗಿತ್ತು. ಲೋಳೆ ಬಿಳಿಚಿ, ಸುಟ್ಟ ಚರ್ಮದಂತೆ ಸುಲಿದು ತೇಲುತ್ತಿತ್ತು. ಇವನು ದಿನಾ ಬಂದು ನಕ್ಕು ಮಾತಾಡಿದ್ದು ಇದಕ್ಕೇನಾ? ಅವನನ್ನು ಮೆಚ್ಚಿದ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಅಷ್ಟರಲ್ಲಿ ಅವನೇ ಬಂದ. ಅಂಗಿ ತುಂಬ ಸಿಮೆಂಟು.

“ಥೂ! ಮುಖ ತೋರಿಸ್ಬೇಡಿ.”

“ಬಿಡಿಸಿದ್ದು ಅಪ್ಪ. ಪೈಪಿನ ಬಾಯಿಗೆ ಈಗ ನಾನೇ ಸಿಮೆಂಟ್ ಮೆತ್ತಿ ಬಂದೆ. ಮನೆ ಕಡೆ ತಲೆ ಹಾಕ್ಬೇಡ ಅಂದ್ರು.” ತೊಟ್ಟಿಯೊಳಗೆ ಬಗ್ಗಿದ. “ಅದಿರ್ಲಿ. ಇದರಲ್ಲಿ ಸ್ವಲ್ಪನಾದ್ರೂ ಬದುಕಿದ್ಯಾ?”

ಅವಳು ಮೊದಲು ಲೋಳೆ ಹೆಕ್ಕಿ ತಂದಿದ್ದ ಹೊಂಡದ ಆಚೆ ಮೂಲೆಯ ಕೆಸರಿಗೆ ಆಮ್ಲ ತಲುಪಿರಲಿಕ್ಕಿಲ್ಲ. ಅವಳು ಒಂದು ಜೊತೆ ಗ್ಲೌಸು, ಗಮ್‌ಬೂಟು ಅವನತ್ತ ಎಸೆದಳು.

ಇಬ್ಬರೂ ಕೆಸರಿಗಿಳಿದರು. ಅವನು ವಾಂತಿ ಮಾಡಿದ, ತೋಳಿಗೆ ಬಾಯಿ ಒರೆಸಿಕೊಂಡ, ಮತ್ತೆ ಬಗ್ಗಿದ. ಕೊನೆಗೆ ಒಂದು ಕಲ್ಲು ಎತ್ತಿದ. ಅದರಿಂದ ಕಂದು ಲೋಳೆ ಇಳಿಬಿದ್ದಿತ್ತು.

“ಇದೇನಾ?”

ಅವಳು ಮೂಗಿನ ಹತ್ತಿರ ತಂದಳು. ಗಬ್ಬು ನಾತ, ಆಮ್ಲದ ಘಾಟಿಲ್ಲ. ಕಣ್ಣು ತುಂಬಿಬಂತು.

“ಜೀವ ಇದೆ.” ಆಮೇಲೆ ಕೇಳಿದಳು, “ಈಗ ಎಲ್ಲಿಗೆ ಹೋಗ್ತೀರ?”

“ಗೊತ್ತಿಲ್ಲ. ಆದ್ರೆ ನಾಳೆ ಬೆಳಿಗ್ಗೆ ಇಲ್ಲಿಗೇ ಬರ್ತೀನಿ. ನಾಡಿದ್ದೂ ಬರ್ತೀನಿ. ನೀವು ಹೂಂ ಅಂದ್ರೆ, ಬದುಕಿರೋವರೆಗೂ.”

ಅವನ ಗಲ್ಲದ ಮೇಲೆ ಕೆಸರು, ಉಸಿರಲ್ಲಿ ವಾಂತಿಯ ಹುಳಿ. ಇಷ್ಟು ಹೊಲಸಾದ ಗಂಡಸನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

“ಛೀ,” ಎಂದಳು. ಲೋಳೆ ಮೆತ್ತಿದ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಳು. “ಹೂಂ.”